ಟೆಲ್ಡ್: ಇಂಗ್ಲಿಷ್ ಮರೆತ ಗುಡಾರದ ಪದ ಎಲ್ಲೆಲ್ಲಿ ಉಳಿದಿದೆ?

ಪದಕುತೂಹಲಿ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಎಂಎ ಓದುತ್ತಿದ್ದೇನೆ. ಈ ಸಲ ನಮಗೆ ‘ಸರ್ ಗವೇನ್ ಅಂಡ್ ದ ಗ್ರೀನ್ ನೈಟ್’ ಇದೆ. 14ನೇ ಶತಮಾನದ ಕೊನೆಯ ಭಾಗದಲ್ಲಿ ಬಂದ ಇಂಗ್ಲಿಷ್ ಕಾವ್ಯ. ಬರೆದವರ ಹೆಸರು ಉಳಿದಿಲ್ಲ, ಒಂದೇ ಒಂದು ಹಸ್ತಪ್ರತಿ ಉಳಿದಿದೆ.

ಶುರುವಿನಲ್ಲಿ ಟ್ರಾಯ್ ನಗರ ಸುಟ್ಟುಹೋಗುತ್ತದೆ. ಅಲ್ಲಿಂದ ಹೊರಟವರು, ಅವರ ವಂಶದವರು ಒಂದೊಂದು ಕಡೆ ಹೋಗಿ ಒಂದೊಂದು ನಾಡು ಕಟ್ಟುತ್ತಾರೆ. ರೋಮ್ಯುಲಸ್ ರೋಮ್‌ಗೆ ಹೋಗುತ್ತಾನೆ. ಆಮೇಲೆ 11ನೇ ಸಾಲು ಬರುತ್ತದೆ. ‘ಟಿಸಿಯುಸ್ ಟು ಟಸ್ಕನ್ ಅಂಡ್ ಟೆಲ್ಡೆಸ್ ಬಿಗಿನ್ನೆಸ್.’ ಟಿಸಿಯುಸ್ ಅನ್ನುವವನು ಇಟಲಿಯ ಟಸ್ಕನಿಗೆ ಹೋಗಿ ‘ಟೆಲ್ಡ್’ಗಳನ್ನು ಶುರು ಮಾಡುತ್ತಾನೆ. ಪುಸ್ತಕದ ಟಿಪ್ಪಣಿಯಲ್ಲಿ ಟೆಲ್ಡ್ ಅಂದರೆ ಮನೆ, ವಾಸದ ಜಾಗ ಅಂತಿದೆ. ದೊಡ್ಡ ನಿಘಂಟು ತೆಗೆದರೆ ಮೊದಲ ಅರ್ಥ ಗುಡಾರ ಅಂತ. ಪಕ್ಕದಲ್ಲೇ ‘ಈಗ ಬಳಕೆಯಲ್ಲಿಲ್ಲ’ ಅನ್ನೋ ಗುರುತು ಬೇರೆ.

ಗುಡಾರ ಅಂದರೆ ಇವತ್ತು ಹಾಕಿ ನಾಳೆ ಕಿತ್ತುಕೊಂಡು ಹೋಗೋದು. ಮನೆ ಅಂದರೆ ಹಾಗಲ್ಲ. ಒಂದೇ ಪದ ಎರಡನ್ನೂ ಹೇಗೆ ಹೇಳುತ್ತದೆ? ಇನ್ನೊಂದು ವಿಷಯ, ಇಷ್ಟು ಚಿಕ್ಕ, ಚೆನ್ನಾಗಿರೋ ಪದ ಯಾಕೆ ಸತ್ತಿತು? ಗೊತ್ತಿರುವವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಹಳೆಯ ಮೇಷ್ಟ್ರು

ಒಳ್ಳೆಯ ಸಾಲು ಹಿಡಿದಿದ್ದೀರಿ. ಮೊದಲು ಅದರ ಮುಂದಿನ ಸಾಲನ್ನೂ ಓದಿ, ಅರ್ಧ ಉತ್ತರ ಅಲ್ಲೇ ಇದೆ. ‘ಲಂಗಬೆರ್ಡೆ’ ಅನ್ನುವವನು ಲೊಂಬಾರ್ಡಿಯಲ್ಲಿ ‘ಹೋಮ್ಸ್’ ಎಬ್ಬಿಸುತ್ತಾನೆ ಅಂತಿದೆ. ಒಬ್ಬ ಟೆಲ್ಡ್ ಶುರು ಮಾಡುತ್ತಾನೆ, ಇನ್ನೊಬ್ಬ ಹೋಮ್ ಎತ್ತುತ್ತಾನೆ. ಕವಿ ಎರಡನ್ನೂ ಜೋಡಿಯಾಗಿ ಇಟ್ಟಿದ್ದಾನೆ. ಹಾಗಾಗಿ ಅಲ್ಲಿ ನೆಲೆ, ಮನೆ ಅನ್ನೋ ಅರ್ಥವೇ ಸರಿ.

ಈಗ ಹಿಂದಕ್ಕೆ ಹೋಗೋಣ. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡ್ ಗೆಲ್ಲುವುದಕ್ಕೆ ಮುಂಚಿನ ಇಂಗ್ಲಿಷಿನಲ್ಲಿ ಗುಡಾರಕ್ಕೆ ‘ಟೆಲ್ಡ್’, ಇನ್ನೂ ಜಾಸ್ತಿ ಬಳಕೆಯಲ್ಲಿದ್ದದ್ದು ‘ಯೆಟೆಲ್ಡ್’. ಬೈಬಲಿನ ಆದಿಕಾಂಡ 18ನೇ ಅಧ್ಯಾಯದಲ್ಲಿ ಅಬ್ರಹಾಮ ಬಿಸಿಲು ಹೊತ್ತಿನಲ್ಲಿ ಗುಡಾರದ ಬಾಗಿಲಲ್ಲಿ ಕೂತಿರುತ್ತಾನಲ್ಲ, ಅದನ್ನು ಸುಮಾರು 1000ನೇ ಇಸವಿಯ ಹೊತ್ತಿಗೆ ಇಂಗ್ಲಿಷಿಗೆ ತಂದಾಗ ಅಲ್ಲಿ ಬಳಸಿದ ಪದ ಇದೇ. ಎಲ್ಫ್ರಿಕ್ ಅನ್ನುವ ಸನ್ಯಾಸಿ ಆ ಅನುವಾದದ ಮುಖ್ಯ ಕೈ.

ಆದರೆ ನಿಜವಾಗಿ ನೋಡಬೇಕಾದದ್ದು ನಾಮಪದ ಅಲ್ಲ, ಅದರ ಹಿಂದಿರುವ ಕ್ರಿಯಾಪದ. ಹಳೆಯ ಇಂಗ್ಲಿಷಿನಲ್ಲಿ ‘ಬೆಟೆಲ್ಡಾನ್’ ಅಂದರೆ ಹೊದಿಸು, ಸುತ್ತ ಮುಚ್ಚು. ‘ಓಫರ್‌ಟೆಲ್ಡಾನ್’ ಅಂದರೆ ಮೇಲಿನಿಂದ ಹರಡಿ ಮುಚ್ಚು. ಅಂದರೆ ಮೂಲದಲ್ಲಿ ಟೆಲ್ಡ್ ಅನ್ನೋದು ಬಟ್ಟೆ ಅಲ್ಲ, ಕಂಬ ಅಲ್ಲ, ‘ಮೇಲೆ ಹರಡಿದ್ದು’ ಅಷ್ಟೇ. ಹರಡಿದ್ದು ಬಟ್ಟೆಯೋ, ಚರ್ಮವೋ, ಮರದ ತೊಗಟೆಯೋ, ಆ ಪದಕ್ಕೆ ಅದು ಮುಖ್ಯ ಅಲ್ಲ. ತಲೆ ಮೇಲೆ ಏನೋ ಮುಚ್ಚಿದೆ, ಅದರ ಕೆಳಗೆ ಜನ ಇದ್ದಾರೆ. ಇಷ್ಟು ಹಿಡಿದುಕೊಂಡರೆ ಗುಡಾರದಿಂದ ಮನೆಗೆ ಹೋಗೋದು ದೂರದ ದಾರಿಯೇನೂ ಅಲ್ಲ.

ಅದೇ ಕಾವ್ಯದ 1648ನೇ ಸಾಲನ್ನೂ ನೋಡಿ. ಅಲ್ಲಿ ಊಟಕ್ಕೆ ಮುಂಚೆ ಆಳುಗಳು ಮರದ ಕಾಲುಗಳ ಮೇಲೆ ಮೇಜಿನ ಹಲಗೆಗಳನ್ನು ‘ಟೆಲ್ಡ್’ ಮಾಡುತ್ತಾರೆ. ಗುಡಾರವೂ ಇಲ್ಲ, ಮನೆಯೂ ಇಲ್ಲ. ಕಂಬದ ಮೇಲೆ ಹೊದಿಕೆ ಎತ್ತಿದ ಹಾಗೆ ಕಾಲಿನ ಮೇಲೆ ಹಲಗೆ ಎತ್ತಿ ಇಡೋದು. ಕ್ರಿಯಾಪದ ಅಷ್ಟು ಜೀವಂತವಾಗಿತ್ತು ಆಗ.

ಮ್ಯೂನಿಕ್ ಕನ್ನಡಿಗ

ಮೇಷ್ಟ್ರೇ, ಇದನ್ನು ಓದಿ ಖುಷಿ ಆಯ್ತು. ಇಲ್ಲಿ ನಾವು ದಿನಾ ಬಳಸುವ ಪದ ಇದು! ಜರ್ಮನ್‌ನಲ್ಲಿ ಗುಡಾರಕ್ಕೆ ‘ಟ್ಸೆಲ್ಟ್’. ಇಂಗ್ಲಿಷಿನ ಟ ಕಾರ ಪದದ ಮೊದಲಲ್ಲಿ ಬಂದರೆ ಜರ್ಮನ್‌ನಲ್ಲಿ ಅದು ಟ್ಸ ಆಗುತ್ತದೆ. ಇಂಗ್ಲಿಷಿನ ‘ಟೆನ್’ ಇಲ್ಲಿ ‘ಟ್ಸೇನ್’, ‘ಟಂಗ್’ ಇಲ್ಲಿ ‘ಟ್ಸುಂಗೆ’. ಹಾಗೇ ಟೆಲ್ಡ್ ಇಲ್ಲಿ ಟ್ಸೆಲ್ಟ್. ಡ್ಯಾನಿಶ್, ನಾರ್ವೇಜಿಯನ್‌ನಲ್ಲಿ ‘ಟೆಲ್ಟ್’. ಐಸ್‌ಲ್ಯಾಂಡಿನವರು ‘ತ್ಯಾಲ್ಡ್’ ಅನ್ನುತ್ತಾರೆ. ಅವರಲ್ಲಿ ಅದೇ ಪದ ಪರದೆಗೂ ಬರುತ್ತದೆ. ಸಿನಿಮಾ ಪರದೆಗೆ ‘ಬಿಳಿ ತ್ಯಾಲ್ಡ್’ ಅಂತಾರೆ. ಹರಡಿದ ಬಟ್ಟೆ ಅನ್ನೋ ಮೂಲ ಅರ್ಥ ಅಲ್ಲಿ ಚೆನ್ನಾಗಿ ಕಾಣುತ್ತದೆ ಅಲ್ವಾ?

ನೀವು ಹೇಳಿದ ‘ಏನು ಹರಡಿದ್ದು ಅನ್ನೋದು ಮುಖ್ಯ ಅಲ್ಲ’ ಅನ್ನೋದಕ್ಕೆ ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಇಲ್ಲಿನ ದೊಡ್ಡ ಬಿಯರ್ ಹಬ್ಬ ಅಕ್ಟೋಬರ್‌ಫೆಸ್ಟ್‌ನ ಸಭಾಂಗಣಗಳನ್ನು ‘ಫೆಸ್ಟ್‌ಟ್ಸೆಲ್ಟ್’ ಅಂತ ಕರೆಯುತ್ತಾರೆ. ಹೆಸರು ಹಬ್ಬದ ಗುಡಾರ. ಹತ್ತಿರ ಹೋಗಿ ನೋಡಿದರೆ ಮರದ ಗೋಡೆ, ದೊಡ್ಡ ದೊಡ್ಡ ತೊಲೆ, ಒಳಗೆ ಸಾವಿರಾರು ಜನ. ಸೆಪ್ಟೆಂಬರ್‌ನಲ್ಲಿ ಶುರುವಾಗುವ ಹಬ್ಬಕ್ಕೆ ಜುಲೈನಿಂದಲೇ ಕಟ್ಟುತ್ತಾರೆ. ಆದರೂ ಯಾರೂ ಅದನ್ನು ಕಟ್ಟಡ ಅನ್ನೋಲ್ಲ, ಗುಡಾರ ಅಂತಲೇ ಅನ್ನುತ್ತಾರೆ.

ಬೇಲೂರಿನವಳು

ನನ್ನದೊಂದು ಪ್ರಶ್ನೆ. ಅಕ್ಕಪಕ್ಕದ ಭಾಷೆಗಳಲ್ಲಿ ಇಷ್ಟು ಗಟ್ಟಿಯಾಗಿ ಉಳಿದ ಪದ ಇಂಗ್ಲಿಷಿನಲ್ಲಿ ಮಾತ್ರ ಯಾಕೆ ಹೋಯಿತು? ಫ್ರೆಂಚ್ ಮಾತಾಡುವವರು ಗೆದ್ದರು, ಅವರ ಪದ ಬಂತು, ಇವರದು ಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ಆದರೆ 1066 ಎಲ್ಲಿ, ಈ ಕಾವ್ಯ ಎಲ್ಲಿ? ಮುನ್ನೂರು ವರ್ಷ ಆದ ಮೇಲೂ ಕವಿ ಟೆಲ್ಡ್ ಅನ್ನುತ್ತಿದ್ದಾನೆ.

ಹಳೆಯ ಮೇಷ್ಟ್ರು

ಮೇಡಂ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಗೆದ್ದ ಮರುದಿನ ಪದ ಬದಲಾಗೋಲ್ಲ. ನಿಧಾನವಾಗಿ, ಒಂದೊಂದೇ ಜಾಗದಿಂದ ಹಳೆಯದನ್ನು ಹೊಸದು ತಳ್ಳುತ್ತಾ ಹೋಗುತ್ತದೆ.

‘ಟೆಂಟ್’ ಇಂಗ್ಲಿಷಿಗೆ ಬಂದದ್ದು ಸುಮಾರು 1300ರ ಹೊತ್ತಿಗೆ, ಹಳೆಯ ಫ್ರೆಂಚಿನ ‘ತಾಂತ್’ನಿಂದ. ಅದರ ಬೇರು ಲ್ಯಾಟಿನ್‌ನ ‘ತೆಂದೆರೆ’, ಅಂದರೆ ಎಳೆದು ಬಿಗಿ ಮಾಡು. ಟೆಲ್ಡ್‌ನಲ್ಲಿ ಹರಡೋದು ಮುಖ್ಯ, ಟೆಂಟ್‌ನಲ್ಲಿ ಹಗ್ಗ ಎಳೆದು ಬಿಗಿಯೋದು ಮುಖ್ಯ. ಅದಕ್ಕೂ ಸ್ವಲ್ಪ ಮೊದಲು ‘ಪೆವಿಲಿಯನ್’ ಬಂದಿತ್ತು, ದೊರೆಗಳ ದೊಡ್ಡ ಗುಡಾರಕ್ಕೆ. ಅದು ಲ್ಯಾಟಿನ್‌ನಲ್ಲಿ ಚಿಟ್ಟೆಯ ಹೆಸರು, ರೆಕ್ಕೆ ಬಿಚ್ಚಿದ ಹಾಗೆ ಕಾಣುತ್ತದೆ ಅಂತ. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಪೆವಿಲಿಯನ್ ಕೂಡ ಅಲ್ಲಿಂದಲೇ ಬಂದ ಪದ.

ಚರ್ಚಿನ ಕಡೆಯಿಂದ ಇನ್ನೊಂದು ಪೆಟ್ಟು. ಅಬ್ರಹಾಮ ಕೂತ ಅದೇ ಬಾಗಿಲನ್ನೇ ನೋಡಿ. ಎಲ್ಫ್ರಿಕ್ ಕಾಲದಲ್ಲಿ ಅದು ಯೆಟೆಲ್ಡ್‌ನ ಬಾಗಿಲು. 1380ರ ದಶಕದಲ್ಲಿ ಚರ್ಚಿನ ಸುಧಾರಣೆ ಬೇಕೆಂದ ವಿಕ್ಲಿಫ್‌ನ ಕಡೆಯವರು ಬೈಬಲ್ ಅನುವಾದಿಸಿದಾಗ ಅದು ‘ಟ್ಯಾಬರ್ನಕಲ್’ನ ಬಾಗಿಲಾಯಿತು, ಏಕೆಂದರೆ ಅವರ ಮುಂದೆ ಇದ್ದ ಲ್ಯಾಟಿನ್ ಬೈಬಲಿನಲ್ಲಿ ಗುಡಾರಕ್ಕೆ ‘ತಬೆರ್ನಾಕುಲುಮ್’ ಅಂತಿತ್ತು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಅದು ‘ಟೆಂಟ್’ ಬಾಗಿಲು. ಅದೇ ಮನುಷ್ಯ, ಅದೇ ಬಿಸಿಲು, ಅದೇ ಬಾಗಿಲು. ಆರುನೂರು ವರ್ಷದಲ್ಲಿ ಪದ ಎರಡು ಸಲ ಬದಲಾಯಿತು.

ಇನ್ನು ಕವಿ ಯಾಕೆ ಉಳಿಸಿಕೊಂಡ ಅಂದರೆ, ಆ ಕಾವ್ಯದ ಕಟ್ಟೇ ಹಾಗಿದೆ. ಪ್ರತಿ ಸಾಲಿನಲ್ಲೂ ಒತ್ತು ಬೀಳುವ ಪದಗಳು ಒಂದೇ ಅಕ್ಷರದಿಂದ ಶುರುವಾಗಬೇಕು. ಟಿಸಿಯುಸ್, ಟಸ್ಕನ್, ಟೆಲ್ಡೆಸ್. ಇಂಗ್ಲೆಂಡಿನ ವಾಯವ್ಯ ಭಾಗದ ಕವಿಗಳು ಹೀಗೆ ಬರೆಯುತ್ತಿದ್ದರು, ಆಗ ಲಂಡನ್ನಿನಲ್ಲಿ ಚಾಸರ್ ಅಂತ್ಯಪ್ರಾಸದ ಪದ್ಯ ಬರೆಯುತ್ತಿದ್ದ. ಒಂದೇ ಅಕ್ಷರ ಹೊಂದಬೇಕು ಅಂದರೆ ಮನೆಗೆ ನಾಲ್ಕು ಪದ, ಮನುಷ್ಯನಿಗೆ ಹತ್ತು ಪದ ಕೈಯಲ್ಲಿ ಇರಬೇಕು. ಬೇರೆಯವರು ಬಿಟ್ಟ ಹಳೆಯ ಪದಗಳನ್ನೂ ಇವರು ಅದಕ್ಕೇ ಇಟ್ಟುಕೊಂಡರು.

ನಮ್ಮಲ್ಲೂ ಇದು ಹೊಸದಲ್ಲ. ಹಳಗನ್ನಡದಲ್ಲಿ ಆದಿಪ್ರಾಸ ಕಡ್ಡಾಯ ಇತ್ತು, ಸಾಲಿನ ಎರಡನೇ ಅಕ್ಷರ ಹೊಂದಲೇಬೇಕು. ಆ ಪ್ರಾಸದ ಒತ್ತಡದಿಂದ ಎಷ್ಟು ಅಪರೂಪದ ಪದಗಳು ಪದ್ಯದಲ್ಲಿ ಕೂತು ಉಳಿದಿವೆ, ಓದಿದವರಿಗೆ ಗೊತ್ತು.

ಪದಕುತೂಹಲಿ

ಮೇಷ್ಟ್ರೇ, ತುಂಬಾ ಧನ್ಯವಾದ. ಆದಿಪ್ರಾಸದ ಜೊತೆ ಹೋಲಿಸಿದ ಮೇಲೆ ಈಗ ಆ ಕಾವ್ಯ ಓದೋದೇ ಬೇರೆ ಥರ ಆಗಿದೆ. ಹಳೆಯ ಇಂಗ್ಲಿಷಿನಲ್ಲಿ ಗುಡಾರಕ್ಕೆ ಇದೊಂದೇ ಪದ ಇತ್ತಾ?

ಹಳೆಯ ಮೇಷ್ಟ್ರು

ಇಲ್ಲ, ಇನ್ನೂ ಇದ್ದವು. ‘ಜೂಡಿತ್’ ಅನ್ನೋ ಹಳೆಯ ಪದ್ಯದಲ್ಲಿ ಶತ್ರು ಸೇನಾಪತಿ ಹೊಲೊಫರ್ನೆಸ್‌ನ ಗುಡಾರಕ್ಕೆ ‘ಟ್ರಾಫ್’ ಅಂತಾರೆ. ಅದರೊಳಗೆ ಅವನ ಹಾಸಿಗೆಯ ಸುತ್ತ ಚಿನ್ನದ ಸೊಳ್ಳೆಪರದೆ ಇರುತ್ತದೆ. ಅವನು ಒಳಗಿನಿಂದ ಎಲ್ಲರನ್ನೂ ನೋಡಬಹುದು, ಹೊರಗಿನವರಿಗೆ ಅವನು ಕಾಣೋಲ್ಲ. ಕೊನೆಗೆ ಅದೇ ಗುಡಾರದಲ್ಲಿ ಜೂಡಿತ್ ಅವನ ತಲೆ ಕತ್ತರಿಸುತ್ತಾಳೆ.

ನನಗೆ ಬಹಳ ಇಷ್ಟವಾದದ್ದು ‘ಫೆಲ್ಡ್‌ಹೂಸ್’. ಬಯಲಮನೆ ಅಂತ. ‘ಎಕ್ಸೊಡಸ್’ ಅನ್ನೋ ಹಳೆಯ ಇಂಗ್ಲಿಷ್ ಪದ್ಯದಲ್ಲಿ ಬರುತ್ತದೆ, ಹಸ್ತಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಇಸ್ರೇಲಿನ ಜನ ಮರುಭೂಮಿ ದಾಟುವಾಗ ದೇವರು ಅವರ ತಲೆ ಮೇಲೆ ಮೋಡ ಹರಡಿ ಬಿಸಿಲು ತಡೆಯುತ್ತಾನೆ. ಆ ಮೋಡವನ್ನು ಕವಿ ‘ಬಯಲಮನೆಗಳಲ್ಲೇ ದೊಡ್ಡದು’ ಅನ್ನುತ್ತಾನೆ. ಅದನ್ನೇ ಹಡಗಿನ ಹಾಯಿ ಅಂತಲೂ ಅನ್ನುತ್ತಾನೆ. ಮರುಭೂಮಿ ನೋಡದ, ಸಮುದ್ರ ಚೆನ್ನಾಗಿ ಗೊತ್ತಿದ್ದ ಜನಕ್ಕೆ ಬರೆದ ಪದ್ಯ ಅದು. ನಡೆಯುತ್ತಿರುವವರನ್ನು ಹಡಗಿನವರು ಅಂತಲೇ ಕರೆಯುತ್ತಾನೆ. ಎಂಥ ಕಲ್ಪನೆ!

ಹುಬ್ಬಳ್ಳಿ ಗ್ಯಾರೇಜ್

ನಮಸ್ಕಾರ್ರಿ. ನಾನು ಸಾಹಿತ್ಯದವನಲ್ಲ, ಹಳೆಯ ಗಾಡಿ ರಿಪೇರಿ ಮಾಡುವವನು. ಸುಮ್ನೆ ಓದುತ್ತಾ ಇದ್ದೆ, ಒಂದು ಕಡೆ ನಿಂತುಬಿಟ್ಟೆ. ಹಳೆಯ ಲ್ಯಾಂಡ್ ರೋವರ್‌ಗಳಿಗೆ ಮೇಲೆ ಹಾಕುವ ಕ್ಯಾನ್ವಾಸ್ ಹೊದಿಕೆ ಇರುತ್ತದಲ್ಲ, ಅದನ್ನು ಬ್ರಿಟನ್ನಿನಿಂದ ತರಿಸುವಾಗ ಬಿಡಿಭಾಗಗಳ ಪಟ್ಟಿಯಲ್ಲಿ ‘ಟಿಲ್ಟ್’ ಅಂತ ಹಾಕಿರುತ್ತಾರೆ. ಪೂರ್ತಿ ಹೊದಿಕೆಗೆ ‘ಫುಲ್ ಟಿಲ್ಟ್’, ಹಿಂದಿನ ಭಾಗಕ್ಕೆ ಮಾತ್ರ ಬರುವುದಕ್ಕೆ ‘ತ್ರೀ ಕ್ವಾರ್ಟರ್ ಟಿಲ್ಟ್’. ನಮ್ಮ ಕಡೆ ನಾವು ತಾಡಪತ್ರಿ ಅನ್ನುತ್ತೇವೆ, ಬೆಂಗಳೂರಿನ ಕಡೆ ಟಾರ್ಪಾಲು. ಈ ಟಿಲ್ಟ್‌ಗೂ ನಿಮ್ಮ ಟೆಲ್ಡ್‌ಗೂ ಏನಾದರೂ ನಂಟು ಇದೆಯಾ? ನಾನು ಇಷ್ಟು ದಿನ ಗಾಡಿ ಓರೆಯಾಗಿ ನಿಲ್ಲುವ ಟಿಲ್ಟ್‌ಗೂ ಇದಕ್ಕೂ ಏನು ಸಂಬಂಧ ಅಂತ ಯೋಚಿಸುತ್ತಿದ್ದೆ.

ಹಳೆಯ ಮೇಷ್ಟ್ರು

ಅಣ್ಣ, ಈ ಚರ್ಚೆಗೆ ಬೇಕಾಗಿದ್ದ ಮಾತೇ ಇದು! ನೀವು ಹೇಳಿದ ಟಿಲ್ಟ್ ಇದೇ ಪದ. ಟೆಲ್ಡ್ ಸತ್ತಿಲ್ಲ, ಅದು ನಿಮ್ಮ ಗ್ಯಾರೇಜಿನಲ್ಲಿದೆ.

15ನೇ ಶತಮಾನದ ಹೊತ್ತಿಗೆ ಟೆಲ್ಡ್, ಟಿಲ್ಡ್ ಅನ್ನೋದು ಟಿಲ್ಟ್ ಆಗಿ, ಗಾಡಿಯ ಮೇಲೆ ಹಾಕುವ ಒರಟು ಬಟ್ಟೆಯ ಹೊದಿಕೆಗೆ ನಿಂತಿತು. ಕೊನೆಯ ಡ್ ಟ್ ಆಗಿದ್ದರಲ್ಲಿ ‘ಟೆಂಟ್’ನ ಪ್ರಭಾವವೂ ಇರಬಹುದು ಅಂತ ನಿಘಂಟು ಮಾಡಿದವರು ಹೇಳುತ್ತಾರೆ. ನಮ್ಮ ಕಮಾನು ಗಾಡಿಯಂಥ ಗಾಡಿಗಳಿಗೆ ಅಲ್ಲಿ ‘ಟಿಲ್ಟ್ ಕಾರ್ಟ್’ ಅನ್ನುತ್ತಿದ್ದರು. ಥೇಮ್ಸ್ ನದಿಯಲ್ಲಿ ಗ್ರೇವ್ಸೆಂಡ್‌ನಿಂದ ಲಂಡನ್ನಿಗೆ ಜನರನ್ನು ಸಾಗಿಸುತ್ತಿದ್ದ, ಮೇಲೆ ಬಟ್ಟೆ ಹೊದಿಸಿದ ದೋಣಿಗಳಿಗೆ ‘ಟಿಲ್ಟ್ ಬೋಟ್’. 19ನೇ ಶತಮಾನದಲ್ಲಿ ಹಬೆಯ ಹಡಗು ಬಂದ ಮೇಲೆ ಆ ದೋಣಿಗಳು ಹೋದವು. ಆಮೇಲೆ ಮೋಟಾರು ಬಂತು, ಸೈನ್ಯದ ಲಾರಿ ಬಂತು, ಅದರ ಮೇಲಿನ ಕ್ಯಾನ್ವಾಸಿಗೂ ಅದೇ ಹೆಸರು.

ಓರೆಯಾಗು ಅನ್ನೋ ಟಿಲ್ಟ್ ಬೇರೆ. ಅದರ ಮೂಲ ‘ಟೆಯಾಲ್ಟ್’, ಗಟ್ಟಿಯಾಗಿ ನಿಲ್ಲದ್ದು ಅಂತ. ಎರಡು ಬೇರೆ ಪದಗಳು ಸವೆದು ಸವೆದು ಒಂದೇ ರೂಪಕ್ಕೆ ಬಂದವು. ‘ಅಟ್ ಫುಲ್ ಟಿಲ್ಟ್’ ಅಂದರೆ ಪೂರ್ತಿ ವೇಗದಲ್ಲಿ ಅಂತ ಹೇಳುತ್ತಾರಲ್ಲ, ಅದು ಕುದುರೆ ಮೇಲೆ ಈಟಿ ಹಿಡಿದು ಎದುರುಬದುರು ನುಗ್ಗುವ ಆಟದಿಂದ ಬಂದದ್ದು. ನಿಮ್ಮ ಪಟ್ಟಿಯ ‘ಫುಲ್ ಟಿಲ್ಟ್’ ತಾಡಪತ್ರಿಯದು, ವೇಗದ್ದಲ್ಲ.

ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಿಘಂಟು ಈ ಪದಕ್ಕೆ ‘ಬಳಕೆಯಲ್ಲಿಲ್ಲ’ ಅಂತ ಗುರುತು ಹಾಕಿದ್ದು ಟೆಲ್ಡ್ ಅನ್ನೋ ರೂಪಕ್ಕೆ ಸರಿ. ಆದರೆ ಅರಮನೆ ಮತ್ತು ಚರ್ಚಿನಿಂದ ಪದ ಹೊರಗೆ ಬಿದ್ದಾಗ ಗಾಡಿ ಹೊಡೆಯುವವರು, ದೋಣಿ ನಡೆಸುವವರು ಅದನ್ನು ಬಿಡಲಿಲ್ಲ. ಪುಸ್ತಕ ಬರೆದವರ ಕಣ್ಣಿಗೆ ಬೀಳದ ಜನ ಅವರು. ಅವರ ಬಾಯಲ್ಲಿ ಇದ್ದ ಪದವನ್ನು ನಾವು ಸತ್ತಿದೆ ಅಂತ ಬರೆದುಕೊಂಡರೆ ಅದು ನ್ಯಾಯ ಅಲ್ಲ.

ಸೇಂಟ್ ಜಾನ್ಸ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಓದುತ್ತಿದ್ದೇನೆ. ಇಲ್ಲಿನ ಇಂಗ್ಲಿಷಿನಲ್ಲಿ ‘ಟಿಲ್ಟ್’ ಅಂದರೆ ಹೊದಿಕೆ ಅಲ್ಲವೇ ಅಲ್ಲ, ಗುಡಿಸಲು! ಮರದ ಗುಡಿಸಲು.

ಹಿಂದೆ ಬೇಸಿಗೆಯಲ್ಲಿ ಮೀನು ಹಿಡಿಯೋಕೆ ಬಂದವರು, ಚಳಿಗಾಲದಲ್ಲಿ ಮರ ಕಡಿಯೋಕೆ ಕಾಡಿನೊಳಗೆ ಹೋದವರು ಇದರಲ್ಲಿ ಇರುತ್ತಿದ್ದರು. ಸಣ್ಣ ಮರದ ಕಾಂಡಗಳನ್ನು ಸಾಲಾಗಿ ನೆಟ್ಟಗೆ ನಿಲ್ಲಿಸಿ ಗೋಡೆ ಮಾಡುತ್ತಾರೆ. ಅಡ್ಡ ಮಲಗಿಸೋದಲ್ಲ, ನೆಟ್ಟಗೆ. ಸಂದುಗಳಿಗೆ ಪಾಚಿ ತುರುಕುತ್ತಾರೆ. ಮೇಲೆ ತೊಗಟೆ, ಅದರ ಮೇಲೆ ಹುಲ್ಲು ಸಮೇತದ ಮಣ್ಣಿನ ಹೆಂಟೆ. ಲ್ಯಾಬ್ರಡಾರ್‌ನಲ್ಲಿ ತುಪ್ಪಳಕ್ಕಾಗಿ ಪ್ರಾಣಿ ಹಿಡಿಯುವವರು ತಮ್ಮ ಬಲೆಯ ದಾರಿಯುದ್ದಕ್ಕೂ ಒಂದು ದಿನದ ನಡಿಗೆಗೆ ಒಂದರಂತೆ ಟಿಲ್ಟ್ ಕಟ್ಟಿಕೊಳ್ಳುತ್ತಿದ್ದರು. ಹಗಲು ಬಲೆ ನೋಡುತ್ತಾ ನಡೆಯೋದು, ರಾತ್ರಿ ಮುಂದಿನ ಟಿಲ್ಟ್‌ನಲ್ಲಿ ಮಲಗೋದು. ಇಲ್ಲಿನ ಚಳಿಯಲ್ಲಿ ಅದು ತಪ್ಪಿದರೆ ಜೀವಕ್ಕೇ ಅಪಾಯ.

ಫೋಗೊ ದ್ವೀಪದಲ್ಲಿ ‘ಟಿಲ್ಟಿಂಗ್’ ಅಂತ ಒಂದು ಊರೇ ಇದೆ. ಐರ್ಲೆಂಡಿನಿಂದ ಬಂದ ಮೀನುಗಾರರು 18ನೇ ಶತಮಾನದಲ್ಲಿ ನೆಲೆಸಿದ ಜಾಗ. ಆ ಹೆಸರು ಈ ಗುಡಿಸಲುಗಳಿಂದಲೇ ಬಂದದ್ದು ಅಂತ ಹೇಳುತ್ತಾರೆ. ಇಲ್ಲಿನ ವಿಶ್ವವಿದ್ಯಾಲಯದವರು 1982ರಲ್ಲಿ ಈ ನಾಡಿನ ಇಂಗ್ಲಿಷಿಗೇ ಒಂದು ನಿಘಂಟು ಹೊರತಂದರು. ಅದರಲ್ಲಿ ಟಿಲ್ಟ್‌ಗೆ ಸಾಕಷ್ಟು ಜಾಗ ಕೊಟ್ಟಿದ್ದಾರೆ.

ಪದಕುತೂಹಲಿ

ಅಂದರೆ ಆ ಕಾವ್ಯದಲ್ಲಿದ್ದ ‘ನೆಲೆ, ಮನೆ’ ಅನ್ನೋ ಅರ್ಥದ ಕಡೆಗೇ ಪದ ಮತ್ತೆ ಹೋಯಿತು ಅಂತಾಯ್ತು. ಬಟ್ಟೆ ಪೂರ್ತಿ ಹೋಗಿ ಬರೀ ಮರ ಉಳಿದರೂ ಹೆಸರು ಹೋಗಲಿಲ್ಲ.

ಬೇಲೂರಿನವಳು

ಇದನ್ನೆಲ್ಲ ಓದುವಾಗ ನನಗೆ ನಮ್ಮ ‘ಬೀಡು’ ನೆನಪಾಗುತ್ತಿದೆ. ಬಿಡು ಅನ್ನೋ ಕ್ರಿಯೆಯಿಂದ ಬಂದ ಪದ. ದಂಡು ದಾರಿಯಲ್ಲಿ ಹೊರೆ ಇಳಿಸಿ ತಂಗುವ ಜಾಗ ಬೀಡು. ಅದೇ ಪದ ಚಾಲುಕ್ಯರ, ಹೊಯ್ಸಳರ ಶಾಸನಗಳಲ್ಲಿ ‘ನೆಲೆವೀಡು’ ಆಗುತ್ತದೆ, ಅಂದರೆ ರಾಜಧಾನಿ! ಅರಸರು ‘ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ’ ರಾಜ್ಯ ಆಳುತ್ತಿದ್ದರು ಅಂತ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ತುಳುನಾಡಿನಲ್ಲಿ ಜೈನ ಮನೆತನಗಳ ದೊಡ್ಡ ಮನೆಗೆ ಇವತ್ತಿಗೂ ಬೀಡು ಅಂತಾರೆ. ಅದೇ ಬೇರಿನ ‘ಬಿಡಾರ’ ಮಾತ್ರ ತಾತ್ಕಾಲಿಕದ ಅರ್ಥದಲ್ಲೇ ಉಳಿಯಿತು. ಸಕ್ರೆಬೈಲಿನ ಆನೆ ಬಿಡಾರ ಇದೆಯಲ್ಲ.

ಬೆಂಗಳೂರಿನ ಎಷ್ಟೋ ಬಡಾವಣೆಗಳ ಹೆಸರಿನ ಕೊನೆಗೆ ಬರುವ ‘ಪಾಳ್ಯ’ ಕೂಡ ಪಾಳೆಯವೇ, ದಂಡು ಇಳಿದ ಜಾಗ. ತಂಗಿದ ಕಡೆ ಊರಾಗೋದು ಇಂಗ್ಲೆಂಡಿನಲ್ಲಿ ಮಾತ್ರ ಅಲ್ಲ.

ಹಳೆಯ ಮೇಷ್ಟ್ರು

ಮೇಡಂ, ಬಹಳ ಚೆನ್ನಾಗಿ ಹೇಳಿದಿರಿ. ಸೈನ್ಯದ ಜೊತೆ ಗುಡಾರದ ಪದ ಬರೋದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. ಶಾಮಿಯಾನ, ಕನಾತು, ಡೇರೆ, ತಂಬು ಇವೆಲ್ಲ ಹೊರಗಿನಿಂದ ಬಂದವು. ಮೊದಲು ದರ್ಬಾರು, ದಂಡಿನಲ್ಲಿ ಇದ್ದವು, ಈಗ ಮದುವೆ ಮನೆಯ ಮುಂದೆ ಇವೆ. ಅಷ್ಟಾದರೂ ‘ಗುಡಾರ’ ಹೋಗಲಿಲ್ಲ. ಕನ್ನಡ ಬೈಬಲಿನಲ್ಲಿ ಅಬ್ರಹಾಮ ಕೂತದ್ದು ಗುಡಾರದ ಬಾಗಿಲಲ್ಲೇ. ಲ್ಯಾಟಿನ್ ಪ್ರಭಾವದಿಂದ ಇಂಗ್ಲಿಷಿನವರು ಟ್ಯಾಬರ್ನಕಲ್ ಅಂದದ್ದೂ ಕನ್ನಡದಲ್ಲಿ ‘ದೇವದರ್ಶನದ ಗುಡಾರ’. ಇಂಗ್ಲಿಷ್ ಕಳೆದುಕೊಂಡ ಜಾಗವನ್ನು ನಮ್ಮ ಪದ ಬಿಟ್ಟುಕೊಡಲಿಲ್ಲ.

ಮ್ಯೂನಿಕ್ ಕನ್ನಡಿಗ

ಮೇಷ್ಟ್ರೇ, ಕೊನೆಯದಾಗಿ ಒಂದು. ‘ವಾಸ ಮಾಡು’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ‘ಡ್ವೆಲ್’ ಇದೆಯಲ್ಲ, ಅದಕ್ಕೂ ಟೆಲ್ಡ್‌ಗೂ ಏನಾದರೂ ಸಂಬಂಧ ಇದೆಯಾ? ಕೇಳೋಕೆ ಹತ್ತಿರ ಇದೆ.

ಹಳೆಯ ಮೇಷ್ಟ್ರು

ಸಂಬಂಧ ಇಲ್ಲ, ಆದರೆ ಅದರ ಕಥೆಯೂ ಚೆನ್ನಾಗಿದೆ. ಹಳೆಯ ಇಂಗ್ಲಿಷಿನಲ್ಲಿ ‘ಡ್ವೆಲ್ಲಾನ್’ ಅಂದರೆ ದಾರಿ ತಪ್ಪಿಸು, ತಡೆ ಮಾಡು. ಸ್ಕ್ಯಾಂಡಿನೇವಿಯಾದಿಂದ ಬಂದವರ ಮಾತಿನಲ್ಲಿ ಅದರ ಜೋಡಿ ಪದಕ್ಕೆ ತಡವಾಗು, ನಿಂತುಕೋ ಅನ್ನೋ ಅರ್ಥ ಇತ್ತು. ದಾರಿ ತಪ್ಪೋದು, ತಡವಾಗೋದು, ಅಲ್ಲೇ ನಿಲ್ಲೋದು, ಕೊನೆಗೆ ಅಲ್ಲೇ ಇರೋದು. ಹೀಗೆ 13ನೇ ಶತಮಾನದ ಹೊತ್ತಿಗೆ ವಾಸ ಮಾಡು ಅನ್ನೋ ಅರ್ಥಕ್ಕೆ ಬಂತು.

ಮನೆ ಅನ್ನೋ ಅರ್ಥದ ಇನ್ನೊಂದು ಹಳೆಯ ಪದ ಬೇಕಾದರೆ ‘ಬೋಲ್ಡ್’, ‘ಬೋಟ್ಲ್’ ನೋಡಿ. ಧೈರ್ಯದ ಬೋಲ್ಡ್‌ಗೂ ನೀರಿನ ಬಾಟಲಿಗೂ ಸಂಬಂಧ ಇಲ್ಲದ್ದು. ಮಾತಿನಲ್ಲಿ ಅದು ಪೂರ್ತಿ ಹೋಯಿತು, ಊರಿನ ಹೆಸರಿನಲ್ಲಿ ಮಾತ್ರ ಇದೆ. ಮ್ಯಾಂಚೆಸ್ಟರ್ ಪಕ್ಕದ ಬೋಲ್ಟನ್ ಆ ಗುಂಪಿನದೇ.

ಹುಬ್ಬಳ್ಳಿ ಗ್ಯಾರೇಜ್

ಬೋಲ್ಟನ್ ಅಂದರೆ ಫುಟ್‌ಬಾಲ್ ತಂಡ ಇದೆಯಲ್ಲ, ಅದೇ ಊರಾ? ಇದಕ್ಕೆ ಬೇರೆ ಚರ್ಚೆ ಶುರು ಮಾಡಿ ಮೇಷ್ಟ್ರೇ, ಊರ ಹೆಸರುಗಳ ಮೇಲೆ. ನಾನು ಬಿಡಿಭಾಗಗಳ ಪಟ್ಟಿಯಲ್ಲಿ ಟಿಲ್ಟ್ ಇರುವ ಪುಟದ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ, ಓದುವ ಮಕ್ಕಳಿಗೆ ಉಪಯೋಗ ಆದೀತು.